ಸಾಲಕ್ಕೆ ಬರೆದುಕೊಟ್ಟ ತೋಟ: ಮೇಲ್ಮನವಿಯಲ್ಲಿ ನಾನು ಅನುಸರಿಸುವ ಕ್ರಮ

ಮಲೆನಾಡಿನ ಕೋರ್ಟುಗಳಲ್ಲಿ ಸಾಲದ ದಾವೆ ಬರೀ ಸಾಲದ್ದಾಗಿರುವುದು ಕಮ್ಮಿ. ಪ್ರೋನೋಟಿನ (ಸಾಲ ತೀರಿಸುತ್ತೇನೆಂದು ಬರೆದುಕೊಟ್ಟ ಪತ್ರ) ಜೊತೆಗೆ ಕ್ರಯದ ಕರಾರೋ (ಮುಂದೆ ಮಾರುವ ಒಪ್ಪಂದ) ಕ್ರಯಪತ್ರವೋ (ಮಾರಾಟದ ಪತ್ರ) ಇರುತ್ತದೆ, ಅದರಲ್ಲಿ ಅಡಿಕೆ ಬಾಗಾಯ್ತಿನ ಸರ್ವೆ ನಂಬರು. ಡಿಕ್ರಿ, ಅಂದರೆ ತೀರ್ಪಿನಂತೆ ಹೊರಡುವ ಕೋರ್ಟಿನ ಆದೇಶ, ವಿರುದ್ಧವಾದಾಗ ಕಕ್ಷಿದಾರರು ಕೇಳುವುದು ತೋಟ ಉಳಿಯುತ್ತದೆಯೇ ಎಂದು. ನಾನು ಮೊದಲು ನೋಡುವುದು ತಾರೀಕು.

ಜಿಲ್ಲೆಯೊಳಗಿನ ಮೇಲ್ಮನವಿಗೆ 30 ದಿನ, ಹೈಕೋರ್ಟಿಗೆ 90 ದಿನ. ತೀರ್ಪಾದ ದಿನವೇ ನಕಲಿಗೆ ಅರ್ಜಿ ಹಾಕಿಸುತ್ತೇನೆ. ದೃಢೀಕೃತ ನಕಲಿನ ಮೇಲಿನ ಮೊಹರಿನಲ್ಲಿ ಅರ್ಜಿ ಕೊಟ್ಟ ದಿನ, ನಕಲು ತಯಾರಾದ ದಿನ, ಕೈಗೆ ಕೊಟ್ಟ ದಿನ ಬರೆದಿರುತ್ತಾರೆ. ವಾಯಿದೆಯಿಂದ ಕಳೆಯುವುದು ಮೊದಲೆರಡರ ನಡುವಿನ ಕಾಲವನ್ನು ಮಾತ್ರ. ನಕಲು ತಯಾರಾಗಿದ್ದರೂ ಕೊಯ್ಲು ಮುಗಿಯಲಿ ಎಂದು ಬಿಟ್ಟ ದಿನಗಳು ನಮ್ಮ ತಲೆಗೇ. ನಕಲಿಗೆ ಅರ್ಜಿ ಹಾಕುವ ಮೊದಲು ಡಿಕ್ರಿ ತಯಾರಿಸಲು ಕೋರ್ಟು ತೆಗೆದುಕೊಂಡ ಸಮಯವೂ ಕಳೆಯುವುದಿಲ್ಲ. ಇದನ್ನು ಅನುಭವಸ್ಥರೂ ಮರೆಯುತ್ತಾರೆ.

ತಡವಾದರೆ ವಿಳಂಬ ಮನ್ನಾ ಅರ್ಜಿ, ಪ್ರಮಾಣಪತ್ರ ಹಾಕಬಹುದು. ಆದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 41 ರೂಲ್ 3ಎ ಪ್ರಕಾರ ಮೇಲ್ಮನವಿಯನ್ನು ವಿಚಾರಣೆಗೆ ತೆಗೆದುಕೊಳ್ಳುವ ತೀರ್ಮಾನ ಆಗುವವರೆಗೆ ತಡೆಯಾಜ್ಞೆ ಸಿಗುವುದಿಲ್ಲ. ಅಷ್ಟರಲ್ಲಿ ಡಿಕ್ರಿ ಜಾರಿ ಮಾಡುವ ಅಮಲ್ಜಾರಿ ಕೋರ್ಟಿನಲ್ಲಿ ಜಪ್ತಿ, ಹರಾಜಿನ ಜಾಹೀರಾತು ನಡೆದೇ ಇರುತ್ತವೆ. ಮೇಲ್ಮನವಿ ಹಾಕಿದ ಮಾತ್ರಕ್ಕೆ ಡಿಕ್ರಿ ನಿಲ್ಲುವುದಿಲ್ಲ. ಡಿಕ್ರಿ ಮಾಡಿದ ಕೋರ್ಟೇ ಮೇಲ್ಮನವಿಯ ಅವಧಿ ಮುಗಿಯುವ ಮೊದಲು ತಾತ್ಕಾಲಿಕ ತಡೆ ಕೊಡಬಹುದು. ಆ ಅರ್ಜಿಯನ್ನು ನಾನು ನಕಲಿನ ಅರ್ಜಿಯ ಜೊತೆಗೇ ಹಾಕುತ್ತೇನೆ.

ಹಣದ ಡಿಕ್ರಿಗೆ ತಡೆ ಬೇಕೆಂದರೆ ಠೇವಣಿ ಅಥವಾ ಭದ್ರತೆಯ ಮಾತು ಬರುತ್ತದೆ. ಇಷ್ಟೇ ಭಾಗ ಎಂದು ಕಾಯ್ದೆ ಹೇಳಿಲ್ಲ, ಅರ್ಧ ಕಟ್ಟಿ ಎನ್ನುವುದೇ ಹೆಚ್ಚು. ಅಡಿಕೆ ಮನೆಯಲ್ಲಿ ಹಣ ಓಡಾಡುವುದು ಕೊಯ್ಲಾಗಿ ಮಾಲು ಮಂಡಿಗೆ ಹೋದ ಮೇಲೆ. ಇದನ್ನು ಪ್ರಮಾಣಪತ್ರದಲ್ಲಿ ಬರೆದು, ಹಿಂದಿನ ವರ್ಷದ ಮಂಡಿ ಪಟ್ಟಿ (ಮಾಲು ಮಾರಿದ ಲೆಕ್ಕದ ಚೀಟಿ) ಲಗತ್ತಿಸಿ ಕಂತಿನಲ್ಲಿ ಕಟ್ಟಲು ಅವಕಾಶ ಕೇಳುತ್ತೇನೆ. ಸುಮ್ಮನೆ ‘ಬಡ ರೈತ’ ಎಂದು ಬರೆದರೆ ಯಾವ ನ್ಯಾಯಾಧೀಶರೂ ತಲೆ ಎತ್ತಿ ನೋಡುವುದಿಲ್ಲ.

ಇನ್ನು ಆಧಾರಗಳು. ‘ಕರಾರು ಸಾಲದ ಭದ್ರತೆಗೆ ಬರೆದದ್ದು, ಮಾರುವ ಉದ್ದೇಶವಿರಲಿಲ್ಲ’ ಎನ್ನುವುದು ಎಲ್ಲರ ವಾದ. ಅದಕ್ಕೆ ಬಲ ಬರುವುದು ದಾಖಲೆಯಿಂದ: ಬೆಲೆ ಪೇಟೆ ದರಕ್ಕಿಂತ ತೀರಾ ಕಡಿಮೆಯೇ, ಬಡ್ಡಿ ಕಟ್ಟಿದ ಗುರುತು ಇದೆಯೇ, ಬರೆದುಕೊಟ್ಟ ಮೇಲೂ ಪಹಣಿಯ 12ನೇ ಕಾಲಂನಲ್ಲಿ ಸಾಗುವಳಿ ಯಾರ ಹೆಸರಿನಲ್ಲಿದೆ, ಮಂಡಿ ಪಟ್ಟಿ ಯಾರದ್ದು. ಶುದ್ಧ ಕ್ರಯಪತ್ರವನ್ನು ಷರತ್ತಿನ ಕ್ರಯದ ಅಡಮಾನ (ಸಾಲ ತೀರಿಸಿದರೆ ಸ್ವತ್ತು ಮರಳಿ ಕೊಡಬೇಕೆಂಬ ಷರತ್ತಿನೊಂದಿಗೆ ಮಾರಾಟದ ರೂಪದಲ್ಲಿ ಬರೆದ ಅಡಮಾನ) ಎನ್ನಬೇಕಾದರೆ ತೊಡಕು ದೊಡ್ಡದು. ಮರಳಿ ಕೊಡುವ ಷರತ್ತು ಅದೇ ಪತ್ರದಲ್ಲಿರಬೇಕು ಎಂದು ಸ್ವತ್ತು ವರ್ಗಾವಣೆ ಕಾಯ್ದೆಯ ಕಲಂ 58(ಸಿ) ಹೇಳುತ್ತದೆ. ಬೇರೆ ಛಾಪಾ ಕಾಗದದಲ್ಲಿ ಮರುಕ್ರಯದ ಮಾತಿದ್ದರೆ ಆ ದಾರಿ ಮುಚ್ಚಿದಂತೆ. ಕೆಳಗಿನ ಕೋರ್ಟಿನಲ್ಲಿ ಹಾಜರುಪಡಿಸದ ಕಾಗದವನ್ನು ಮೇಲ್ಮನವಿಯಲ್ಲಿ ತುರುಕಲು ಆರ್ಡರ್ 41ರ ರೂಲ್ 27 ಇದೆ, ಆದರೆ ಅದು ಸಾಕ್ಷ್ಯದ ತೂತು ಮುಚ್ಚಲು ಅಲ್ಲ.

ಅಡಮಾನದ ದಾವೆಯಲ್ಲಿ ಪ್ರಾಥಮಿಕ ಡಿಕ್ರಿ (ಬಾಕಿ ಎಷ್ಟೆಂದು ಹೇಳಿ ಕಟ್ಟಲು ಗಡುವು ಕೊಡುವ ಮೊದಲ ಡಿಕ್ರಿ) ಬಂದಾಗ ‘ಅಂತಿಮ ಡಿಕ್ರಿ ಬರಲಿ, ನೋಡೋಣ’ ಎನ್ನುವವರಿದ್ದಾರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 97 ಇದಕ್ಕೆ ಜಾಗ ಬಿಟ್ಟಿಲ್ಲ. ಪ್ರಾಥಮಿಕ ಡಿಕ್ರಿಯನ್ನು ಆಗಲೇ ಪ್ರಶ್ನಿಸದಿದ್ದರೆ ಅಂತಿಮ ಡಿಕ್ರಿಯ ಮೇಲ್ಮನವಿಯಲ್ಲಿ ಅದರ ತಪ್ಪು ಎತ್ತುವಂತಿಲ್ಲ.

ಕೋರ್ಟು ಶುಲ್ಕ ಪ್ರಶ್ನಿಸಿದ ಭಾಗಕ್ಕೆ ಮಾತ್ರ. ಬಡ್ಡಿಯಷ್ಟೇ ತಕರಾರಾದರೆ ಅಸಲಿಗೂ ಕಟ್ಟುವುದು ವ್ಯರ್ಥ.

ತಡೆ ಸಿಗುವ ಮೊದಲೇ ಹರಾಜು ಮುಗಿದಿದ್ದರೆ ಆರ್ಡರ್ 21 ರೂಲ್ 89 ಉಳಿದಿರುತ್ತದೆ. 60 ದಿನದೊಳಗೆ ಜಾಹೀರಾತಿನಲ್ಲಿ ತೋರಿಸಿದ ಬಾಕಿಯನ್ನೂ ಖರೀದಿದಾರರಿಗೆಂದು ಹರಾಜು ಮೊತ್ತದ ಶೇ. 5ನ್ನೂ ಠೇವಣಿ ಇಟ್ಟರೆ ಮಾರಾಟ ರದ್ದಾಗುತ್ತದೆ. ಹರಾಜಿನಲ್ಲಿ ಅಕ್ರಮವಾಗಿದೆ ಎಂದು ರೂಲ್ 90ರಡಿ ಅರ್ಜಿ ಹಾಕಿದ್ದರೆ ಮೊದಲು ಅದನ್ನು ವಾಪಸು ಪಡೆಯಬೇಕು. ಎರಡನ್ನೂ ಒಟ್ಟಿಗೆ ನಡೆಸಲು ಬಿಡುವುದಿಲ್ಲ.