ಹಳೆಯ ಜರ್ಮನ್ ರೈಫಲ್‌ಗಳ ಮುದ್ರೆಗಳನ್ನು ಓದುವ ಬಗೆ

ಮೊದಲನೆಯ ಮಹಾಯುದ್ಧದ ಕಾಲದ ಗೆವೇರ್ 98 ರೈಫಲ್ ಸಿಕ್ಕ ಕೂಡಲೇ ಅದನ್ನು ಉಜ್ಜಿ ಬೆಳಗಲು ಹೊರಡುವವರು, ಓದಬೇಕಾದ ಅಕ್ಷರಗಳನ್ನೇ ಅಳಿಸಿಹಾಕುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಮೊದಲು ಬೋಲ್ಟ್ (ಹಿಡಿಯಿಂದ ಹಿಂದೆಮುಂದೆ ಸರಿಸುವ, ತೋಟಾವನ್ನು ಒಳಗೆ ಕೂರಿಸುವ ಉಕ್ಕಿನ ದಂಡ) ತೆರೆದು ಒಳಗೆ ತೋಟಾ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಕೊಳೆ ತೆಗೆಯಲು ಎಣ್ಣೆ ಹಚ್ಚಿದ ಹತ್ತಿಬಟ್ಟೆ ಮತ್ತು ಮೃದುವಾದ ಟೂತ್‌ಬ್ರಷ್ ಸಾಕು. ತುಕ್ಕು ಕರಗಿಸುವ ಆಮ್ಲದ ದ್ರಾವಣಗಳನ್ನು ಮಾರುವವರು ಎಷ್ಟೇ ಹೊಗಳಿದರೂ ಕೊಳ್ಳಬೇಡಿ. ಅವು ತುಕ್ಕಿನ ಜೊತೆಗೆ ನಳಿಗೆಯ ಮೂಲ ಕಪ್ಪು ಬಣ್ಣವನ್ನೂ ತಿನ್ನುತ್ತವೆ.

ರಿಸೀವರ್‌ನ, ಅಂದರೆ ನಳಿಗೆಯ ಹಿಂದೆ ಬೋಲ್ಟ್ ಕೂರುವ ಲೋಹದ ಭಾಗದ, ನೆತ್ತಿಯನ್ನು ಓದುವುದು ಸುಲಭ: ಸ್ಪಾಂಡೌ, ಡಾನ್ಜಿಗ್, ಎರ್ಫುರ್ಟ್ ಅಥವಾ ಬವೇರಿಯಾದ ಆಂಬರ್ಗ್ ಎಂಬ ಸರ್ಕಾರಿ ಕಾರ್ಖಾನೆಯ ಹೆಸರು, ಮೇಲೊಂದು ಕಿರೀಟ, ಕೆಳಗೆ ವರ್ಷ. ವರ್ಷದ ಜೊತೆಗೆ 1920 ಎಂದು ಪ್ರತ್ಯೇಕವಾಗಿ ಒತ್ತಿದ್ದರೆ, ಅದು ತಯಾರಾದ ವರ್ಷವಲ್ಲ, ಯುದ್ಧದ ನಂತರದ ಜರ್ಮನಿಯಾದ ವೈಮರ್ ಗಣರಾಜ್ಯದ ಸರ್ಕಾರಿ ಸ್ವತ್ತೆಂಬ ಗುರುತು.

ಬಹುಪಾಲು ಜನ ಎಡವುವುದು ಇದರ ಮುಂದಿನ ಹಂತದಲ್ಲಿ. ಕೋಣೆಯನ್ನು ಕತ್ತಲಾಗಿಸಿ, ಟಾರ್ಚನ್ನು ಲೋಹಕ್ಕೆ ತಾಗುವಷ್ಟು ಓರೆಯಾಗಿ ಹಿಡಿದು, ಬೆಳಕಿನ ದಿಕ್ಕನ್ನು ಬದಲಿಸುತ್ತ ನಿಧಾನವಾಗಿ ನೋಡಿ. ರಿಸೀವರ್‌ನ ಬಲಮಗ್ಗುಲಲ್ಲಿ ಕಿರೀಟ ಹೊತ್ತ ಅಕ್ಷರಗಳು ಸಾಲಾಗಿ ಕಾಣುತ್ತವೆ. ತಯಾರಿಕೆಯ ಬೇರೆ ಬೇರೆ ಹಂತಗಳಲ್ಲಿ ಆ ಭಾಗವನ್ನು ಪರಿಶೀಲಿಸಿ ಒಪ್ಪಿಕೊಂಡವರ ಗುರುತುಗಳವು. ಪುಟ್ಟ ಹದ್ದಿನ ಮುದ್ರೆಯ ಅರ್ಥವೇ ಬೇರೆ. ಹೆಚ್ಚು ಒತ್ತಡದ ತೋಟಾ ಹಾರಿಸಿ ಬಲವನ್ನು ಪರೀಕ್ಷಿಸಿದ ಮೇಲೆ ಒತ್ತಿದ ಮುದ್ರೆ ಅದಾದ್ದರಿಂದ, ಸ್ಫೋಟದ ಒತ್ತಡವನ್ನು ಹೊರುವ ರಿಸೀವರ್, ನಳಿಗೆ, ಬೋಲ್ಟ್ ಈ ಮೂರರ ಮೇಲೂ ಅದನ್ನು ಹುಡುಕಲೇಬೇಕು. ಅಕ್ಷರಗಳು ಫ್ರಾಕ್ಟೂರ್ ಎಂಬ ಹಳೆಯ ಜರ್ಮನ್ ಲಿಪಿಯಲ್ಲಿರುವುದರಿಂದ ‘ಬಿ’ಯು ‘ವಿ’ಯಂತೆಯೂ ‘ಕೆ’ಯು ‘ಆರ್’ನಂತೆಯೂ ತೋರುತ್ತದೆ, ಆ ವರ್ಣಮಾಲೆಯ ಮುದ್ರಿತ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಳ್ಳದೆ ಏನನ್ನೂ ಬರೆದುಕೊಳ್ಳಬೇಡಿ. ಮುದ್ರೆಯೊಳಗೆ ಬಿಳಿ ಬಣ್ಣ ತುಂಬುವ ಅಡ್ಡದಾರಿಯನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಬಣ್ಣವು ಗೀರನ್ನೂ ಅಕ್ಷರವನ್ನಾಗಿ ತೋರಿಸುತ್ತದೆ.

ಕ್ರಮಸಂಖ್ಯೆಯ ಜೊತೆಗಿರುವ ಸಣ್ಣಕ್ಷರ ಪರೀಕ್ಷಕರದ್ದಲ್ಲ. ಸಂಖ್ಯೆಗಳು ಹತ್ತು ಸಾವಿರದ ಆಸುಪಾಸಿಗೆ ಬಂದಾಗ ಮತ್ತೆ ಒಂದರಿಂದ ಎಣಿಕೆ ಆರಂಭಿಸಿ, ಗುರುತಿಗಾಗಿ ಆ ಅಕ್ಷರವನ್ನು ಸೇರಿಸುತ್ತಿದ್ದರು.

ನಾಜಿ ಕಾಲದ ಕಾರಬೀನರ್ 98ಕೆ ರೈಫಲ್‌ಗಳಿಗೆ ಈ ಸೂತ್ರ ಹೊಂದುವುದಿಲ್ಲ. ಅಲ್ಲಿ ಪರಿಶೀಲನೆಯ ಮುದ್ರೆಯಲ್ಲೂ ಹದ್ದೇ ಇರುತ್ತದೆ. ಆದರೆ ಅದರ ಕೆಳಗೆ ‘ವಾ-ಆ’ (WaA) ಅಕ್ಷರಗಳೂ ಅಂಕೆಯೂ ಇದ್ದರೆ ಪರಿಶೀಲನೆ, ಸ್ವಸ್ತಿಕ ಮಾತ್ರವಿದ್ದರೆ ಗುಂಡು ಹಾರಿಸಿದ ಪರೀಕ್ಷೆ.