ವೀಲ್ ಆರ್ಚ್ ಲೈನರ್ ಹರಿದಾಗ: ಸ್ಪೋರ್ಟ್ಸ್ ಕಾರಿನ ದುರಸ್ತಿ ಹೇಗೆ?

ಸ್ಟೀರಿಂಗನ್ನು ಪೂರ್ತಿ ತಿರುಗಿಸಿದಾಗ ಮುಂದಿನ ಚಕ್ರದ ಬಳಿ ಪರಚಿದಂಥ ಸದ್ದು ಬಂದರೆ, ಅಥವಾ ವೇಗ ಹೆಚ್ಚಿದಂತೆ ಏನೋ ಪಟಪಟನೆ ಬಡಿದುಕೊಂಡರೆ, ಮೊದಲು ಟೈರಿನ ಮೇಲೆ ಕಮಾನಿನಂತೆ ಬಾಗಿರುವ ಕಪ್ಪು ಪ್ಲಾಸ್ಟಿಕ್ ಹೊದಿಕೆಯನ್ನು ಪರೀಕ್ಷಿಸಬೇಕು. ಇದೇ ವೀಲ್ ಆರ್ಚ್ ಲೈನರ್. ಸ್ಪೋರ್ಟ್ಸ್ ಕಾರು ನೆಲಕ್ಕೆ ಹತ್ತಿರವಿದ್ದು ಅದರ ಟೈರು ಅಗಲವಾಗಿರುವುದರಿಂದ ಟೈರಿಗೂ ಲೈನರಿಗೂ ನಡುವೆ ಉಳಿಯುವ ಅಂತರ ಬಹಳ ಕಡಿಮೆ. ಅಂಚೊಂದು ಸಡಿಲವಾಗಿ ಟೈರಿಗೆ ಸಿಕ್ಕಿದರೆ ಇಡೀ ಲೈನರ್ ಕಿತ್ತುಬರಬಹುದು. ಅದರ ಹಿಂದೆ ದೀಪದ ವೈರುಗಳೂ ಕೆಲವು ಕಾರುಗಳಲ್ಲಿ ಆಯಿಲ್ ಕೂಲರೂ ಇರುತ್ತವೆ. 1997ರಲ್ಲಿ ಬಂದ 996 ಪೀಳಿಗೆಯಿಂದ ಪೋರ್ಷೆ 911ರಲ್ಲಿ ರೇಡಿಯೇಟರುಗಳೇ ಮುಂದಿನ ಚಕ್ರಗಳ ಎದುರಿಗಿವೆ. ಆದ್ದರಿಂದ ಲೈನರ್ ಇಲ್ಲದೆ ಕಾರನ್ನು ಓಡಿಸಬಾರದು.

ಕೆಲಸಕ್ಕೆ ಸಮತಟ್ಟಾದ ಗಟ್ಟಿ ನೆಲವನ್ನು ಆರಿಸಿಕೊಂಡು, ಹ್ಯಾಂಡ್‌ಬ್ರೇಕ್ ಹಾಕಿ, ನೆಲದಲ್ಲೇ ಉಳಿಯುವ ಚಕ್ರಗಳು ಉರುಳದಂತೆ ಅಡ್ಡವಾಗಿ ಕಲ್ಲೋ ಮರದ ತುಂಡೋ ಇಡಿ. ಸಾಮಾನ್ಯ ಜಾಕ್ ಕಾರಿನಡಿಗೆ ತೂರದಿದ್ದರೆ ಚಕ್ರಗಳನ್ನು ಮೊದಲು ದಪ್ಪ ಹಲಗೆಗಳ ಮೇಲೆ ಹತ್ತಿಸಿಕೊಳ್ಳಬಹುದು. ಚಕ್ರದ ಬೋಲ್ಟುಗಳನ್ನು ಕಾರು ನೆಲದಲ್ಲಿರುವಾಗಲೇ ಸ್ವಲ್ಪ ಸಡಿಲಿಸಿ, ತಯಾರಕರು ಸೂಚಿಸಿದ ಜಾಗದಲ್ಲೇ ಜಾಕ್ ಕೊಟ್ಟು, ಕಾರನ್ನು ಎತ್ತಿ, ಅದರ ಭಾರ ಹೊರುವ ಜಾಕ್ ಸ್ಟ್ಯಾಂಡಿನ ಮೇಲೆ ಕೂರಿಸಿದ ನಂತರವೇ ಚಕ್ರ ಬಿಚ್ಚಿ. ಬರೀ ಜಾಕಿನ ಆಧಾರದಲ್ಲಿ ನಿಂತ ಕಾರಿನ ಕೆಳಗೆ ಕೈಯನ್ನೂ ಚಾಚಬೇಡಿ.

ಲೈನರನ್ನು ಹಿಡಿದಿಡುವುದು ಸ್ಕ್ರೂಗಳು ಮತ್ತು ಪ್ಲಾಸ್ಟಿಕ್ ಕ್ಲಿಪ್‌ಗಳು. ಕ್ಲಿಪ್ಪಿನ ನಡುವಿನ ಗುಬುಟನ್ನು ಮೊದಲು ಮೇಲೆತ್ತಿ, ಆಮೇಲೆ ಇಡೀ ಕ್ಲಿಪ್ ಎಳೆಯಬೇಕು. ಯಾವ ಸ್ಕ್ರೂ ಎಲ್ಲಿಯದು ಎಂದು ಬಿಚ್ಚುವ ಮೊದಲೇ ಫೋಟೊ ತೆಗೆದಿಟ್ಟುಕೊಳ್ಳಿ. ಲೈನರ್ ಹೊರಬಂದ ಮೇಲೆ ಹಿಂದೆ ಸೇರಿಕೊಂಡ ಎಲೆ, ಮಣ್ಣುಗಳನ್ನು ತೆಗೆದು ತೊಳೆಯಿರಿ. ಒದ್ದೆ ಮಣ್ಣು ಕೂತ ಜಾಗದಲ್ಲೇ ಲೋಹಕ್ಕೆ ತುಕ್ಕು ಹಿಡಿಯುವುದು.

ಈಗ ಕಾರಣ ಹುಡುಕುವ ಸಮಯ, ಮತ್ತು ಈ ಹಂತವನ್ನು ಯಾರೂ ಹಾರಿಸಬಾರದೆಂಬುದು ನನ್ನ ಕಳಕಳಿ. ಲೈನರಿನ ಮೇಲೆ ನುಣುಪಾಗಿ ಹೊಳೆಯುವ ಪಟ್ಟಿ ಕಂಡರೆ ಅಲ್ಲಿ ಟೈರು ಬಹುಕಾಲದಿಂದ ಉಜ್ಜುತ್ತಿದೆ ಎಂದರ್ಥ. ಅಳತೆಗಿಂತ ಅಗಲವಾದ ಟೈರು, ಚಕ್ರವನ್ನು ಹೊರಕ್ಕೆ ತಳ್ಳುವ ಸ್ಪೇಸರ್, ಕಾರನ್ನು ತಗ್ಗಿಸುವ ಸ್ಪ್ರಿಂಗ್, ಸವೆದ ಸಸ್ಪೆನ್ಷನ್, ಇವುಗಳಲ್ಲಿ ಯಾವುದು ಕಾರಣವೋ ಅದನ್ನು ಸರಿಪಡಿಸದೆ ಹಾಕಿದ ಹೊಸ ಲೈನರೂ ಹಳೆಯದರಂತೆಯೇ ಹರಿಯುತ್ತದೆ. ಅಂಚು ಮಾತ್ರ ಜೋತುಬಿದ್ದಿದ್ದರೆ ಕಾರಣ ಬಹುಶಃ ಕಳೆದುಹೋದ ಒಂದೆರಡು ಕ್ಲಿಪ್‌ಗಳಷ್ಟೇ.

ಸಣ್ಣ ಬಿರುಕನ್ನು ಉಳಿಸಿಕೊಳ್ಳಬಹುದು. ಬಿರುಕು ಮುಗಿಯುವ ತುದಿಯಲ್ಲಿ ಸುಮಾರು 3 ಮಿ.ಮೀ. ರಂಧ್ರ ಕೊರೆದರೆ ಅದು ಮುಂದೆ ಹರಿಯುವುದು ನಿಲ್ಲುತ್ತದೆ. ಅನಂತರ ಬಿರುಕಿನ ಎರಡೂ ಬದಿಗೆ ಸಾಲಾಗಿ ರಂಧ್ರ ಮಾಡಿ, ಕೇಬಲ್ ಟೈಗಳಿಂದ ಬಟ್ಟೆ ಹೊಲಿದಂತೆ ಬಿಗಿಯಿರಿ. ಟೈಗಳ ಗಂಟು ಟೈರಿನ ಕಡೆಗಲ್ಲ, ಹಿಂಬದಿಗೆ ಬರಲಿ. ಅಂಟು ಹಚ್ಚುವ ಆಸೆ ಸಹಜವಾದರೂ, ಬಹಳಷ್ಟು ಲೈನರುಗಳನ್ನು ತಯಾರಿಸುವ ಪಾಲಿಪ್ರೊಪಿಲೀನ್, ಪಾಲಿಎಥಿಲೀನ್‌ಗಳಿಗೆ ಸಾಮಾನ್ಯ ಅಂಟು ಹಿಡಿಯುವುದೇ ಇಲ್ಲ. ಪ್ಲಾಸ್ಟಿಕ್ ವೆಲ್ಡಿಂಗ್ ಗೊತ್ತಿದ್ದವರು ಲೈನರಿನ ಹಿಂಬದಿಯ ಅಚ್ಚಿನಲ್ಲಿ ವಸ್ತುವಿನ ಗುರುತು ನೋಡಿ, ಅದೇ ಜಾತಿಯ ಕಡ್ಡಿ ಬಳಸಬೇಕು. ಕ್ಲಿಪ್ಪಿನ ರಂಧ್ರ ಹಿಗ್ಗಿದ್ದರೆ ಅಗಲ ವಾಷರ್ ಸಾಕು. ತುಂಡೇ ಕಿತ್ತುಹೋಗಿದ್ದರೆ ಅಥವಾ ಉಜ್ಜಿ ತೂತಾಗಿದ್ದರೆ ಹೊಸದನ್ನು ತರುವುದೇ ಸರಿ. ಎಡ ಬಲ ಬೇರೆ, ಎಷ್ಟೋ ಕಾರುಗಳಲ್ಲಿ ಒಂದೇ ಚಕ್ರಕ್ಕೆ ಎರಡು ಭಾಗ ಇರುವುದರಿಂದ ಚಾಸಿಸ್ ಸಂಖ್ಯೆ ಕೊಟ್ಟು ಬಿಡಿಭಾಗದ ಸಂಖ್ಯೆಯನ್ನು ಖಚಿತಪಡಿಸಿಕೊಳ್ಳಿ.

ಮರುಜೋಡಣೆಯಲ್ಲಿ ಎಲ್ಲ ಸ್ಕ್ರೂಗಳನ್ನೂ ಮೊದಲು ಸಡಿಲವಾಗಿ ಕೂರಿಸಿ, ಅಂಚುಗಳು ಬಂಪರ್ ಮತ್ತು ಫೆಂಡರಿನ ಒಳಕ್ಕೆ ಸರಿಯಾಗಿ ಸೇರಿದ ಮೇಲೆ ಬಿಗಿಗೊಳಿಸಬೇಕು. ಹಳೆಯ ಕ್ಲಿಪ್‌ಗಳ ಬದಲು ಹೊಸವನ್ನೇ ಹಾಕಿ. ವೈರುಗಳು ಲೈನರಿನಡಿ ಸಿಕ್ಕಿಕೊಂಡಿಲ್ಲವೆಂದು ನೋಡಿ ಚಕ್ರ ಹಾಕಿ, ಕಾರನ್ನು ಕೆಳಗಿಳಿಸಿ, ಬೋಲ್ಟುಗಳನ್ನು ಕೈಪಿಡಿಯ ಬಿಗಿತಕ್ಕೆ ಎದುರುಬದುರಾಗಿ ಬಿಗಿಯಿರಿ. ಚಕ್ರದ ಮೇಲೆ ಕಾರಿನ ಭಾರವಿರುವಾಗಲೇ ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ ನೋಡಿ, ಬಳಿಕ ನಿಧಾನವಾಗಿ ಒಂದು ಸುತ್ತು ಓಡಿಸಿ ಬಂದು, ಟೈರಿನ ಮೇಲೂ ಲೈನರಿನ ಮೇಲೂ ಹೊಸ ಉಜ್ಜಿದ ಗುರುತು ಬಿದ್ದಿದೆಯೇ ಎಂದು ಟಾರ್ಚ್ ಹಿಡಿದು ಪರೀಕ್ಷಿಸಿ.