ರಾತ್ರಿ ಹತ್ತರ ಮೇಲೆ ಆಸ್ಪತ್ರೆ ನೋಡಿದ್ದು: ನನ್ನ ಅನುಭವ

ಎರಡನೇ ಹೆರಿಗೆ ಬಳ್ಳಾರಿಯಲ್ಲೇ ಮಾಡಿಸಿಕೊಳ್ಳುತ್ತೇನೆ ಎಂದಾಗ ಮನೆಯಲ್ಲಿ ಒಬ್ಬರೂ ಹೂಂ ಅನ್ನಲಿಲ್ಲ. ಅವರ ಭಯಕ್ಕೆ ಕಾರಣ ಇತ್ತು. 2024ರ ನವೆಂಬರ್‌ನಲ್ಲಿ ಇಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆಗಿದ್ದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಿದ್ದರು. ಡ್ರಿಪ್‌ನಲ್ಲಿ ಕೊಡುವ ರಿಂಗರ್ ಲ್ಯಾಕ್ಟೇಟ್ ಅನ್ನೋ ದ್ರಾವಣದ ಮೇಲೆ ಅನುಮಾನ ಬಂದು, ಪಶ್ಚಿಮ ಬಂಗಾಳದ ಒಂದು ಕಂಪನಿಯ ಬಾಟಲಿಗಳನ್ನು ಸರ್ಕಾರ ಇಡೀ ರಾಜ್ಯದಲ್ಲಿ ನಿಲ್ಲಿಸಿತು. ಟಿವಿಯಲ್ಲಿ ದಿನವೂ ಅದೇ ಸುದ್ದಿ. ನನಗೆ ಆಗ ಎರಡು ತಿಂಗಳು. ಅತ್ತೆ "ಬಳ್ಳಾರಿ ಹೆಸರೇ ಎತ್ತಬೇಡಮ್ಮಾ" ಅಂದುಬಿಟ್ಟರು. ಬೆಂಗಳೂರಿನಲ್ಲಿರುವ ಮೈದುನ ದೊಡ್ಡ ಆಸ್ಪತ್ರೆಯೊಂದರ ಪ್ಯಾಕೇಜ್ ಹಾಳೆ ಫೋನಿಗೆ ಕಳಿಸಿದ. ಸಿರುಗುಪ್ಪದಿಂದ ಅಮ್ಮ, "ಅಲ್ಲೂ ಬೇಡ, ಇಲ್ಲೂ ಬೇಡ, ತವರಿಗೆ ಬಾ" ಅಂತ ಹಟ ಹಿಡಿದರು.

ಈಗ ಮಗು ಮಗ್ಗುಲು ಹೊರಳುತ್ತಿದೆ, ನಾನು ಓಡಾಡಿಕೊಂಡಿದ್ದೇನೆ, ಖರ್ಚು ಬೆಂಗಳೂರಿನದರ ಅರ್ಧಕ್ಕಿಂತ ಕಡಿಮೆ. ಅವತ್ತು ಬೈದವರೇ ಈಗ "ಹೆಂಗೆ ಹುಡುಕಿದೆ?" ಅಂತ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ತಾಯಿ ಕಾರ್ಡು, ಸ್ಕ್ಯಾನಿಂಗು, ಕಬ್ಬಿಣದ ಮಾತ್ರೆ ಎಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಬಿಟ್ಟುಬಿಡುತ್ತೇನೆ.

ಮೊದಲನೆಯದು ಬೆಂಗಳೂರಿನಲ್ಲೇ ಆಗಿತ್ತು. ಇವರಿಗೆ ಆಗ ಅಲ್ಲೇ ಕೆಲಸ. ನಾರ್ಮಲ್ ಆದರೆ ಎಂಬತ್ತು ಸಾವಿರ ಚಿಲ್ಲರೆ ಅಂದಿದ್ದರು. ನಾರ್ಮಲ್ಲೇ ಆಯಿತು. ಬಿಲ್ಲು ಕೈಗೆ ಬಂದಾಗ ಒಂದು ಲಕ್ಷ ಎಪ್ಪತ್ತು ಸಾವಿರದ ಮೇಲಿತ್ತು. ಇವರು ಅದನ್ನು ಕೌಂಟರಿನ ಮೇಲೆ ಹರಡಿಕೊಂಡು ಸಾಲು ಸಾಲಾಗಿ ಓದಿದರು. ಪ್ಯಾಕೇಜ್ ತಾಯಿಗೆ ಮಾತ್ರ. ಮಗು ಹುಟ್ಟಿದ ಗಳಿಗೆಯಿಂದ ಅದು ಇನ್ನೊಬ್ಬ ಪೇಷೆಂಟ್, ಅದಕ್ಕೆ ಬೇರೆ ಫೈಲು, ಬೇರೆ ಬಿಲ್ಲು. ಮಗುವಿಗೆ ಕಾಮಾಲೆ ಜಾಸ್ತಿಯಾಗಿ ಎರಡು ಮೂರು ದಿನ ನೀಲಿ ಲೈಟಿನ ಕೆಳಗಿಟ್ಟರು, ದಿನಕ್ಕೆ ಹದಿನೈದು ಸಾವಿರದ ಆಸುಪಾಸು. ನಾವು ಹೇಳಿದ್ದ ರೂಮು ಖಾಲಿ ಇಲ್ಲ ಅಂತ ಡೀಲಕ್ಸ್ ಕೊಟ್ಟಿದ್ದರು. ಬಾಡಿಗೆ ತಾನೇ ಜಾಸ್ತಿ, ಇರಲಿ ಅಂದುಕೊಂಡೆವು. ರೂಮಿನ ದರ್ಜೆ ಏರಿದಂತೆ ಡಾಕ್ಟರ್ ಫೀಸು, ಲೇಬರ್ ರೂಮಿನ ಚಾರ್ಜು, ಮಕ್ಕಳ ಡಾಕ್ಟರ್ ಬಂದು ಹೋದ ಚಾರ್ಜು ಎಲ್ಲವೂ ಏರುತ್ತವೆ ಅನ್ನೋದು ಬಿಲ್ಲು ನೋಡಿದ ಮೇಲೆ ತಿಳಿಯಿತು. ಗ್ಲೌಸು, ಪ್ಯಾಡು, ಸಿರಿಂಜು ಅಂತಲೇ ಎರಡು ಪುಟ.

ದುಡ್ಡಿಗಿಂತ ನನಗೆ ಕೊರೆದದ್ದು ಬೇರೆ. ಏಳು ತಿಂಗಳು ನನ್ನನ್ನು ನೋಡಿದ ಡಾಕ್ಟರ್ ಹೆರಿಗೆ ಹೊತ್ತಿಗೆ ಇರಲೇ ಇಲ್ಲ. ಡ್ಯೂಟಿ ಡಾಕ್ಟರ್ ಮತ್ತು ಒಬ್ಬ ಮಲಯಾಳಿ ಸಿಸ್ಟರ್ ಸೇರಿ ಮಾಡಿಸಿದರು, ಚೆನ್ನಾಗಿಯೇ ಮಾಡಿಸಿದರು. ಅಂದ ಮೇಲೆ ನಾನು ಏಳು ತಿಂಗಳು ಆರಿಸಿದ್ದು ಯಾರನ್ನ? ನೋವು ಬಂದ ಹೊತ್ತಿಗೆ ಅಲ್ಲಿ ಯಾರಿರುತ್ತಾರೋ ಅವರೇ ನಮ್ಮ ಡಾಕ್ಟರ್. ಎರಡನೇ ಸಲ ಅವರನ್ನೇ ನೋಡಿ ಆರಿಸೋಣ ಅಂತ ಆವತ್ತೇ ಅಂದುಕೊಂಡೆ.

ಹಾಗಂತ ನೇರ ದಾರಿ ಸಿಗಲಿಲ್ಲ. ಮೊದಲು ಗೂಗಲ್ ಸ್ಟಾರ್ ನೋಡಿದೆ. ಎಲ್ಲ ಆಸ್ಪತ್ರೆಗೂ ನಾಲ್ಕರ ಮೇಲೆ. "ಸ್ಟಾಫ್ ತುಂಬಾ ಒಳ್ಳೆಯವರು" ಅಂತ ಒಂದೇ ವಾಕ್ಯ ಹತ್ತು ಜನ ಬರೆದಿದ್ದಾರೆ. ಪ್ರಯೋಜನ ಇಲ್ಲ. ನೆಂಟರನ್ನು ಕೇಳಿದರೆ ಅವರವರ ಹೆರಿಗೆ ಸಲೀಸಾದ ಆಸ್ಪತ್ರೆಯೇ ಒಳ್ಳೆಯದು. ಸಲೀಸು ಹೆರಿಗೆ ಎಲ್ಲಾದರೂ ಸಲೀಸೇ ಅಲ್ವಾ? ಸಿಸೇರಿಯನ್ ಲೆಕ್ಕ ಕೇಳೋಣ ಅಂತ ಎರಡು ಮೂರು ಕಡೆ ಪ್ರಯತ್ನಿಸಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸರ್ವೆಯಲ್ಲಿ (ಎನ್‌ಎಫ್‌ಎಚ್‌ಎಸ್) ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ನೂರಕ್ಕೆ 47, ಸರ್ಕಾರಿ ಆಸ್ಪತ್ರೆಗಳಲ್ಲಿ ನೂರಕ್ಕೆ 14 ಹೆರಿಗೆ ಸಿಸೇರಿಯನ್ ಅಂತಿದೆ. "ನಿಮ್ಮಲ್ಲಿ ಎಷ್ಟು?" ಅಂದರೆ ರಿಸೆಪ್ಷನ್ ಹುಡುಗಿ ನನ್ನನ್ನು ಲೋಕಾಯುಕ್ತದವಳೇನೋ ಅನ್ನುವಂತೆ ನೋಡಿದಳು. ಒಬ್ಬ ಡಾಕ್ಟರಮ್ಮ ಮಾತ್ರ "ಮೊದಲನೆಯದು ನಾರ್ಮಲ್ ಆದವರಲ್ಲಿ ಕಡಿಮೆ, ಬೇರೆ ಊರಿಂದ ಕಳಿಸಿದವರಲ್ಲಿ ಜಾಸ್ತಿ, ಒಟ್ಟು ಲೆಕ್ಕ ಕೇಳಿ ನಿಮಗೇನೂ ತಿಳಿಯಲ್ಲ" ಅಂದರು. ಆ ಮಾತು ಸರಿ ಅನ್ನಿಸಿತು. ಅವರ ಆಸ್ಪತ್ರೆಯನ್ನು ಪಟ್ಟಿಯಲ್ಲಿ ಉಳಿಸಿಕೊಂಡೆ.

ಆಮೇಲೆ ಶುರುವಾಯಿತು ರಾತ್ರಿ ತಿರುಗಾಟ. ಊಟ ಮುಗಿಸಿ, ದೊಡ್ಡವಳನ್ನು ಅತ್ತೆ ಹತ್ತಿರ ಮಲಗಿಸಿ, ಇವರ ಸ್ಕೂಟರ್ ಹತ್ತಿ ಹೊರಡುತ್ತಿದ್ದೆವು. ಗಾಂಧಿನಗರ, ಪಾರ್ವತಿನಗರ, ಕೌಲ್ ಬಜಾರ್ ಕಡೆ ಏಳೆಂಟು ಆಸ್ಪತ್ರೆ ನೋಡಿರಬಹುದು. "ಬಸುರಿ ಹೆಂಗಸು ರಾತ್ರಿ ಆಸ್ಪತ್ರೆ ಆಸ್ಪತ್ರೆ ಸುತ್ತುತ್ತಾಳೆ" ಅಂತ ಓಣಿಯಲ್ಲಿ ಮಾತಾಯಿತು. ಆಗಲಿ ಬಿಡಿ.

ರಾತ್ರಿ ಹತ್ತರ ಮೇಲೆ ಆಸ್ಪತ್ರೆ ಬೇರೆಯೇ ಇರುತ್ತದೆ. ಹಗಲು ಗಾಜಿನ ಬಾಗಿಲು, ಎಸಿ, ಟೋಕನ್ ಮೆಷಿನ್ ಇದ್ದ ಒಂದು ಕಡೆ ರಾತ್ರಿ ಹೋದರೆ ವಾಚ್‌ಮನ್ ಮತ್ತು ಒಬ್ಬಳೇ ಸಿಸ್ಟರ್. ಡ್ಯೂಟಿ ಡಾಕ್ಟರ್ ಯಾರು ಅಂದರೆ "ಫೋನ್ ಮಾಡಿದರೆ ಬರ್ತಾರ್ರೀ". ಎಲ್ಲಿಂದ? "ಮನೆಯಿಂದ". ಮನೆ ಎಲ್ಲಿ? ಆ ಹುಡುಗಿಗೆ ಗೊತ್ತಿಲ್ಲ. ಅಲ್ಲಿಗೆ ಆ ಆಸ್ಪತ್ರೆ ಪಟ್ಟಿಯಿಂದ ಹೊರಗೆ.

ನಾನು ಎಲ್ಲ ಕಡೆ ಮೊದಲು ಕೇಳುತ್ತಿದ್ದದ್ದು ಆಪರೇಷನ್‌ಗೆ ಮತ್ತಿನ ಇಂಜೆಕ್ಷನ್ ಕೊಡುವ ಡಾಕ್ಟರ್ ಬಗ್ಗೆ. ಸಣ್ಣ ಆಸ್ಪತ್ರೆಗಳಲ್ಲಿ ಅನಸ್ತೇಷಿಯಾ ಡಾಕ್ಟರ್ ಆಸ್ಪತ್ರೆಯವರಲ್ಲ, ನಾಲ್ಕೈದು ಕಡೆ ಓಡಾಡುವವರು. ಎರಡು ಕಡೆ ಒಂದೇ ಹೊತ್ತಿಗೆ ತುರ್ತು ಬಂದರೆ ಒಬ್ಬರು ಕಾಯಬೇಕು. ಹೆರಿಗೆ ಡಾಕ್ಟರ್ ಎಷ್ಟೇ ಹೆಸರುವಾಸಿಯಾಗಿರಲಿ, ಮತ್ತಿನ ಡಾಕ್ಟರ್ ಬರುವ ತನಕ ಆಪರೇಷನ್ ಶುರುವಾಗಲ್ಲ. ತುರ್ತು ಸಿಸೇರಿಯನ್ ಬೇಕು ಅಂತ ಗೊತ್ತಾದ ಮೇಲೆ ಅರ್ಧ ಗಂಟೆಯೊಳಗೆ ಮಗು ಹೊರಗೆ ಬರಬೇಕು ಅನ್ನೋದು ಡಾಕ್ಟರುಗಳೇ ಇಟ್ಟುಕೊಂಡಿರುವ ಗುರಿ. "ರಾತ್ರಿ ಎರಡಕ್ಕೆ ಬೇಕಾದರೆ ಎಷ್ಟು ನಿಮಿಷ?" ಅಂತ ಸಿಸ್ಟರನ್ನೂ ಆಯಾನನ್ನೂ ಬೇರೆ ಬೇರೆಯಾಗಿ ಕೇಳಬೇಕು. ಎರಡು ಉತ್ತರ ತಾಳೆಯಾದರೆ ನಂಬಬಹುದು.

ಆಯಾಗಳ ಬಗ್ಗೆ ಒಂದು ಮಾತು. ಮೂರನೇ ಮಹಡಿಯ ಮೆಟ್ಟಿಲ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಒಬ್ಬ ಅಜ್ಜಿ, "ಎಷ್ಟು ತಿಂಗಳವ್ವಾ? ಇಲ್ಲಿ ಬರಂಗಿದ್ರೆ ಭಾನುವಾರ ಮಾತ್ರ ಬರಬ್ಯಾಡ" ಅಂದಳು. ಭಾನುವಾರ ಯಾರಿರಲ್ಲ ಅಂತ ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಂಥ ಮಾತು ಯಾವ ವೆಬ್‌ಸೈಟಿನಲ್ಲಿ ಸಿಗುತ್ತೆ?

ಆಸ್ಪತ್ರೆಯ ಮೆಡಿಕಲ್ ಶಾಪಿನವರಿಗೆ ಒಂದು ಪ್ರಶ್ನೆ ಕೇಳುತ್ತಿದ್ದೆ. ಅವರ ಉತ್ತರದಿಂದ ಆ ಆಸ್ಪತ್ರೆಯಲ್ಲಿ ವಾರಕ್ಕೆ ಎಷ್ಟು ಸಿಸೇರಿಯನ್ ಆಗುತ್ತೆ ಅನ್ನೋದು ಸುಮಾರಾಗಿ ತಿಳಿಯುತ್ತಿತ್ತು. ಆ ಪ್ರಶ್ನೆ ಏನು ಅಂತ ಇಲ್ಲಿ ಬರೆಯಲ್ಲ. ಬರೆದರೆ ನಾಳೆಯಿಂದ ಯಾರೂ ಬಾಯಿ ಬಿಡಲ್ಲ.

ಡ್ರಿಪ್ ಬಾಟಲಿ ವಿಷಯದಲ್ಲಿ ಅತ್ತೆಗೆ ಸಮಾಧಾನ ಆಗಬೇಕಿತ್ತು. ಒಂದು ಕಡೆ ಫಾರ್ಮಸಿಯವನು ಬೇಜಾರಿಲ್ಲದೆ ಬಾಟಲಿ ತೆಗೆದು ಟ್ಯೂಬ್‌ಲೈಟಿಗೆ ಹಿಡಿದು ತೋರಿಸಿದ. ನೀರು ತಿಳಿಯಾಗಿರಬೇಕು, ಒಳಗೆ ಕಸರು ತೇಲಬಾರದು, ಸೀಲ್ ಬಿಟ್ಟಿರಬಾರದು. ಬ್ಯಾಚ್ ನಂಬರನ್ನು ಕೇಸ್ ಶೀಟಿನಲ್ಲಿ ಬರೆಯುತ್ತೇವೆ ಅಂತ ಒಂದು ಹಳೆಯ ಶೀಟಿನ ಹೆಸರು ಮುಚ್ಚಿ ತೋರಿಸಿದ. ಕಣ್ಣಿಗೆ ಕಾಣದ ದೋಷ ಇದರಲ್ಲಿ ಸಿಕ್ಕಲ್ಲ, ನಿಜ. ಆದರೆ ಬರೆದಿಡುವ ಆಸ್ಪತ್ರೆಗೂ ಬರೆಯದ ಆಸ್ಪತ್ರೆಗೂ ವ್ಯತ್ಯಾಸ ಇದೆ.

ನನ್ನದು ಒ ನೆಗೆಟಿವ್. ನಮ್ಮಲ್ಲಿ ನೆಗೆಟಿವ್ ರಕ್ತದವರು ನೂರಕ್ಕೆ ಐದಾರು ಮಂದಿ, ಅದರಲ್ಲಿ ಒ ಇನ್ನೂ ಕಡಿಮೆ. ತಾಯಿ ನೆಗೆಟಿವ್, ಮಗು ಪಾಸಿಟಿವ್ ಆದರೆ ತಾಯಿಯ ದೇಹ ಮಗುವಿನ ರಕ್ತದ ವಿರುದ್ಧ ತಿರುಗಬಹುದು. ಹಾಗೆ ತಿರುಗಿದೆಯಾ ಅಂತ ನೋಡೋಕೆ ಐಸಿಟಿ ಟೆಸ್ಟು, ತಿರುಗದಂತೆ ತಡೆಯೋಕೆ 28ನೇ ವಾರಕ್ಕೆ ಆಂಟಿ-ಡಿ ಇಂಜೆಕ್ಷನ್, ಹುಟ್ಟಿದ ಮಗು ಪಾಸಿಟಿವ್ ಆದರೆ 72 ಗಂಟೆಯೊಳಗೆ ಇನ್ನೊಂದು. ಇಂಜೆಕ್ಷನ್ ಎರಡೂವರೆ ಸಾವಿರದ ಹತ್ತಿರ. ಅದನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಬಳ್ಳಾರಿ ಮೇ ತಿಂಗಳು ಗೊತ್ತಲ್ಲ, ನಲವತ್ತು ದಾಟಿದ ಬಿಸಿಲು. ಕರೆಂಟ್ ಹೋದಾಗ ಫ್ರಿಜ್ಜಿನ ಗತಿ ಏನು ಅಂತ ನೋಡೋಕೆ ಬೇಕಂತಲೇ ಕರೆಂಟ್ ಹೋದ ಒಂದು ರಾತ್ರಿ ಹೊರಟೆವು. ಒಂದು ಕಡೆ ಜನರೇಟರ್ ನಾಲ್ಕೈದು ಸೆಕೆಂಡಿಗೆ ಎದ್ದಿತು. ಇನ್ನೊಂದು ಕಡೆ ವಾಚ್‌ಮನ್ ಟಾರ್ಚ್ ಹಿಡಿದು ಡೀಸೆಲ್ ಕ್ಯಾನ್ ಹುಡುಕುತ್ತಿದ್ದ.

ರಕ್ತದ ಸ್ಟಾಕ್ ಸರ್ಕಾರದ ಇ-ರಕ್ತಕೋಶ ವೆಬ್‌ಸೈಟಿನಲ್ಲಿ ಕಾಣುತ್ತೆ, ಆದರೆ ಅದನ್ನೇ ನಂಬಿ ಕೂರಬೇಡಿ. ಇವರು ತೋರಣಗಲ್ಲಿನ ಫ್ಯಾಕ್ಟರಿಯಲ್ಲಿ ತಮ್ಮ ಶಿಫ್ಟಿನವರನ್ನೆಲ್ಲ ಕೇಳಿ ಮೂರು ಜನ ಒ ನೆಗೆಟಿವ್ ಹುಡುಗರನ್ನು ಹಿಡಿದರು. ಜೂನ್‌ನಲ್ಲಿ ಯಾರು ಊರಲ್ಲಿರುತ್ತಾರೆ, ಯಾರು ರಜೆ ಹಾಕುತ್ತಾರೆ ಅಂತಲೂ ಬರೆದುಕೊಂಡೆವು. ಅಡ್ಮಿಟ್ ಆದ ಕೂಡಲೇ ಕ್ರಾಸ್ ಮ್ಯಾಚ್‌ಗೆ, ಅಂದರೆ ಕೊಡುವ ರಕ್ತ ನನ್ನ ರಕ್ತಕ್ಕೆ ಹೊಂದುತ್ತಾ ಅಂತ ನೋಡೋಕೆ, ಸ್ಯಾಂಪಲ್ ಕಳಿಸಬೇಕು ಅಂತ ಫೈಲಿನ ಮೇಲೆ ಡಾಕ್ಟರಮ್ಮನ ಕೈಯಲ್ಲೇ ಕೆಂಪು ಪೆನ್ನಿನಲ್ಲಿ ಬರೆಸಿದೆ.

ಇದರ ಮಧ್ಯೆ ನನ್ನದೊಂದು ಹುಚ್ಚು. ಸುಧಾ ಕ್ರಾಸ್ ರೈಲ್ವೆ ಗೇಟು ಯಾವ ಹೊತ್ತಿಗೆ ಎಷ್ಟು ನಿಮಿಷ ಬೀಳುತ್ತೆ ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಗೂಡ್ಸ್ ಬಂದರೆ ಹತ್ತು ಹದಿನೈದು ನಿಮಿಷ ಎಲ್ಲೂ ಹೋಗಲಿಲ್ಲ. ಇವರು ನಗುತ್ತಿದ್ದರು. ಕೊನೆಗೆ ಆ ಲೆಕ್ಕ ಕೆಲಸಕ್ಕೆ ಬರಲಿಲ್ಲ, ಯಾಕೆಂದರೆ ಗೂಡ್ಸ್ ಗಾಡಿಗೆ ಟೈಮೇ ಇಲ್ಲ. ಗೇಟು ದಾಟದೆ ಸಿಗುವ ಆಸ್ಪತ್ರೆಗಳನ್ನು ಮಾತ್ರ ಇಟ್ಟುಕೊಂಡೆ.

ಸರ್ಕಾರಿ ಆಸ್ಪತ್ರೆ ಬೇಡವೇ ಬೇಡ ಅನ್ನುವವಳಲ್ಲ ನಾನು. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ (ಜೆಎಸ್‌ಎಸ್‌ಕೆ) ಬಂದ 2011ರಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್, ರಕ್ತ, ಔಷಧಿ ಎಲ್ಲ ಉಚಿತ. ಮಗುವಿಗೆ ತೀರಾ ಕಷ್ಟವಾದರೆ ಖಾಸಗಿಯವರೂ ಕೊನೆಗೆ ಕಳಿಸೋದು ಇಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ವಿಮ್ಸ್‌ಗೇ. ಹೆಸರು ಬದಲಾಗಿದ್ದರೂ ನಮ್ಮ ಬಾಯಲ್ಲಿ ಅದು ವಿಮ್ಸ್. ಅದಕ್ಕೆ ನಾನು ಆರಿಸುವ ಆಸ್ಪತ್ರೆಯಿಂದ ವಿಮ್ಸ್‌ಗೆ ದಾರಿ ಹೇಗಿದೆ ಅನ್ನೋದನ್ನೂ ನೋಡಿದ್ದೆ. ಆದರೆ ಆ ನವೆಂಬರ್ ಆದ ಮೇಲೆ ಅತ್ತೆಯನ್ನು ಸರ್ಕಾರಿ ಆಸ್ಪತ್ರೆಗೆ ಒಪ್ಪಿಸುವ ಶಕ್ತಿ ನನಗಿರಲಿಲ್ಲ.

ಕೊನೆಗೆ ಉಳಿದದ್ದು ಎರಡು. ಆರಿಸಿದ್ದು ಹೊರಗಿನಿಂದ ಸಾಧಾರಣವಾಗಿದ್ದ ಹಳೆಯ ಕಟ್ಟಡ, ಲಿಫ್ಟ್ ಕೂಡ ಮುದುಕ. ಆದರೆ ಮತ್ತಿನ ಡಾಕ್ಟರ್ ಸಂಸಾರ ಸಮೇತ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದರು. ಮಕ್ಕಳ ಡಾಕ್ಟರ್ ಮನೆ ಹಿಂದಿನ ರಸ್ತೆಯಲ್ಲಿ. ನನಗೆ ಇನ್ನೇನು ಬೇಕು?

ದರ ಮಾತಾಡುವಾಗ ಗೋಡೆ ಮೇಲಿನ ಪಟ್ಟಿಯ ಫೋಟೊ ತೆಗೆದುಕೊಂಡೆ. ಖಾಸಗಿ ಆಸ್ಪತ್ರೆಗಳಿಗಿರುವ ರಾಜ್ಯದ ಕೆಪಿಎಂಇ ಕಾಯ್ದೆ ಪ್ರಕಾರ ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕಲೇಬೇಕು. ನಾರ್ಮಲ್ಲಿಗೆ ಮೂವತ್ತೈದು, ಸಿಸೇರಿಯನ್‌ಗೆ ಐವತ್ತೈದು ಸಾವಿರ ಅಂದರು. ಮಗುವಿನ ಡಾಕ್ಟರ್ ಚಾರ್ಜು ಇದರಲ್ಲಿ ಸೇರಿದೆಯಾ, ನೀಲಿ ಲೈಟಿಗೆ ದಿನಕ್ಕೆ ಎಷ್ಟು, ನಾವು ಕೇಳಿದ ರೂಮು ಇಲ್ಲದಿದ್ದರೆ ಯಾವ ದರ ಹಾಕುತ್ತೀರಿ, ಈ ಮೂರಕ್ಕೂ ಲೆಟರ್‌ಹೆಡ್ ಮೇಲೆ ಉತ್ತರ ಬರೆಸಿಕೊಂಡೆ. ಮ್ಯಾನೇಜರ್ ಮುಖ ಸಣ್ಣದಾಯಿತು, ಆದರೂ ಬರೆದುಕೊಟ್ಟ. ಸ್ವಲ್ಪ ಇಳಿಸಿಯೂ ಕೊಟ್ಟ. ಹೇಗೆ ಇಳಿಸಿದ ಅನ್ನೋದು ನಮ್ಮಿಬ್ಬರ ಮಧ್ಯೆ ಇರಲಿ.

ಜೂನ್‌ನಲ್ಲಿ ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ನೋವು ಶುರುವಾಯಿತು. ಒಂದೂವರೆವರೆಗೂ ಎಲ್ಲ ಸರಿಯಿತ್ತು. ಆಮೇಲೆ ಸಿಸ್ಟರ್ ಹೊಟ್ಟೆಯ ಮೇಲೆ ಮಗುವಿನ ಎದೆಬಡಿತ ಕೇಳಿಸುವ ಡಾಪ್ಲರ್ ಇಟ್ಟು ಸುಮ್ಮನಾದಳು. ಸ್ವಲ್ಪ ಸರಿಸಿ ಮತ್ತೆ ಇಟ್ಟಳು. ಮಗುವಿನ ಎದೆಬಡಿತ ಇಳಿಯುತ್ತಿತ್ತು. ನೀರು ಒಡೆದಾಗ ಹಸಿರು ಬಣ್ಣ, ಮಗು ಒಳಗೇ ಮೋಷನ್ ಮಾಡಿಕೊಂಡಿದೆ ಅಂದರು. ಇವರು ಸಹಿ ಹಾಕಿ ಪೆನ್ನು ಕೆಳಗಿಡುವಷ್ಟರಲ್ಲಿ ಮತ್ತಿನ ಡಾಕ್ಟರ್ ಹವಾಯಿ ಚಪ್ಪಲಿಯಲ್ಲೇ ಮೆಟ್ಟಿಲಿಳಿದು ಬಂದಿದ್ದರು. ಇಪ್ಪತ್ತು ನಿಮಿಷದ ಒಳಗೆ ಮಗು ಹೊರಗೆ. ಒಂದೆರಡು ಕ್ಷಣ ತಡವಾಗಿ ಅತ್ತಳು. ರಕ್ತ ಬೇಕಾಗಲಿಲ್ಲ, ಆದರೂ ಒಬ್ಬ ಹುಡುಗ ಸಂಡೂರಿನಿಂದ ಬೈಕಿನಲ್ಲಿ ಬಂದು ಬೆಳಗಿನವರೆಗೂ ಬೆಂಚಿನ ಮೇಲೆ ಕೂತಿದ್ದ. ಅವನಿಗೆ ಅಮ್ಮ ಇಡ್ಲಿ ಕಟ್ಟಿಸಿಕೊಟ್ಟರು.

ಎಲ್ಲ ಸೇರಿ ಅರವತ್ತೆಂಟು ಸಾವಿರದ ಆಸುಪಾಸು, ಆಂಟಿ-ಡಿ, ಮಗುವಿನದು ಎಲ್ಲ ಹಿಡಿದು. ಇವರ ಕಂಪನಿ ಇನ್ಶೂರೆನ್ಸಿನಲ್ಲಿ ಹೆರಿಗೆಗೆ ಐವತ್ತು ಸಾವಿರದವರೆಗೆ ಸಿಗುತ್ತೆ. ಕ್ಯಾಶ್‌ಲೆಸ್ ಇರಲಿಲ್ಲ, ನಾವು ಕಟ್ಟಿ ಆಮೇಲೆ ತೆಗೆದುಕೊಂಡೆವು. ಅದರಲ್ಲೊಂದು ಗಂಟು: ಡಿಸ್ಚಾರ್ಜ್ ಸಮರಿಯಲ್ಲಿ ಜಿಪಿಎಲ್‌ಎ ಬರೆದಿಲ್ಲ, ಅಂದರೆ ಇದು ಎಷ್ಟನೇ ಬಸಿರು, ಬದುಕಿರುವ ಮಕ್ಕಳೆಷ್ಟು ಅನ್ನೋ ಲೆಕ್ಕ ಇಲ್ಲ ಅಂತ ಕ್ಲೈಮ್ ವಾಪಸ್ ಬಂತು. ಆಸ್ಪತ್ರೆಯಲ್ಲಿ ಎಷ್ಟು ಬೆಡ್ ಇದೆ, ರಿಜಿಸ್ಟ್ರೇಷನ್ ನಂಬರ್ ಏನು ಅಂತಲೂ ಕೇಳಿದರು. ಹತ್ತು ಲಕ್ಷಕ್ಕಿಂತ ಕಡಿಮೆ ಜನ ಇರುವ ಊರಾದರೆ ಸಾಮಾನ್ಯವಾಗಿ 10 ಬೆಡ್ ಇದ್ದರೆ ಸಾಕು, ಹಾಗಾಗಿ ಬಚಾವ್. ಡಿಸ್ಚಾರ್ಜ್ ದಿನವೇ ಇವೆಲ್ಲ ನೋಡಿ ಬರೆಸಿಕೊಳ್ಳಿ, ಆಮೇಲೆ ಅಲೆಯುವುದು ತಪ್ಪುತ್ತೆ.

ಆಸ್ಪತ್ರೆಯ ಹೆಸರು ಹೇಳಿ ಅಂತ ತುಂಬಾ ಜನ ಕೇಳಿದ್ದಾರೆ. ಹೇಳಿ ಉಪಯೋಗ ಇಲ್ಲ. ನಾದಿನಿಗೆ ಈಗ ಐದು ತಿಂಗಳು, ಅವಳೂ ಕಣ್ಣು ಮುಚ್ಚಿ ಅಲ್ಲಿಗೇ ಹೋಗುತ್ತೇನೆ ಅಂತ ಕೂತಿದ್ದಳು. ಮೊನ್ನೆ ರಾತ್ರಿ ಕರೆದುಕೊಂಡು ಹೋದರೆ ಮೇಲಿನ ಮಹಡಿಗೆ ಬೀಗ. ಮತ್ತಿನ ಡಾಕ್ಟರ್ ದಾವಣಗೆರೆಗೆ ಹೋಗಿದ್ದಾರಂತೆ, ಈಗ ಫೋನ್ ಮಾಡಿದರೆ ಬರುವವರಂತೆ. ನನ್ನ ಪಟ್ಟಿಯಲ್ಲಿ ಎರಡನೆಯದಾಗಿ ಉಳಿದಿದ್ದ ಆಸ್ಪತ್ರೆಗೆ ಈ ಶನಿವಾರ ಊಟ ಆದ ಮೇಲೆ ಹೊರಡುತ್ತೇವೆ.